ಮೈಮರೆತವರ ಮುಖ

ನಾನು ಈವರೆಗೆ ತೆಗೆದ ಫೋಟೋಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನು ಯಾರಿಗೂ ತೋರಿಸುವಂತಿಲ್ಲ. ಯಾಕೆಂದು ಹೇಳಿಕೊಳ್ಳಲು ಈ ಬರಹ.

ಡೊಂಬಿವಲಿಗೆ ಬಂದು ಹದಿನೇಳು ವರ್ಷವಾಯಿತು. ಕೆಲಸ ಐರೋಲಿಯಲ್ಲಿ. ಠಾಣೆಯವರೆಗೆ ಲೋಕಲ್ಲಿನಲ್ಲಿ ನಿಂತು, ಅಲ್ಲಿಂದ ಟ್ರಾನ್ಸ್‌ಹಾರ್ಬರ್ ಗಾಡಿ ಹಿಡಿದು, ವಾರವಿಡೀ ಪ್ರಾಜೆಕ್ಟ್ ಪ್ಲಾನು, ಕ್ಲೈಂಟ್ ಕಾಲು. ಕೆಲವು ಶನಿವಾರ ಸಂಜೆ ಮಾತ್ರ ಲ್ಯಾಪ್‌ಟಾಪ್ ಬ್ಯಾಗಿನ ಬದಲು ಕ್ಯಾಮೆರಾ ಬ್ಯಾಗು ಹೆಗಲೇರುತ್ತದೆ. ಪಂಕ್ ರಾಕ್ ಬ್ಯಾಂಡುಗಳ ಫೋಟೋ ತೆಗೆಯುವುದು ನನ್ನ ಹುಚ್ಚು. ನಲವತ್ತು ದಾಟಿದ ಮೇಲೆ ಇದೆಂಥ ಹುಚ್ಚು ಎಂದು ಕೇಳುವುದನ್ನು ಹೆಂಡತಿ ಬಿಟ್ಟಿದ್ದಾಳೆ. "ಕಿವಿಗೆ ಹತ್ತಿ ಇಟ್ಟುಕೊಳ್ಳಿ" ಎನ್ನುತ್ತಾಳೆ, ಅಷ್ಟೆ.

ಸುರತ್ಕಲ್ಲಿನಲ್ಲಿ ಎಂ.ಟೆಕ್ ಓದುವಾಗ ಹಾಸ್ಟೆಲಿನ ಗೆಳೆಯನ ಕಂಪ್ಯೂಟರಿನಲ್ಲಿ ಮೊದಲು ಕೇಳಿದ ಸಂಗೀತ ಅದು. ಎಪ್ಪತ್ತರ ದಶಕದ ನಡುವೆ ನ್ಯೂಯಾರ್ಕ್, ಲಂಡನ್ನುಗಳಲ್ಲಿ ಹುಟ್ಟಿದ್ದು. ಮೂರು ಕಾರ್ಡು, ಎರಡೂವರೆ ನಿಮಿಷದ ಹಾಡು, ಚೆನ್ನಾಗಿ ನುಡಿಸಲು ಬಾರದಿದ್ದರೂ ಪರವಾಗಿಲ್ಲ, ಹೇಳಬೇಕಾದದ್ದು ಇದ್ದರೆ ಸಾಕು. ನಮ್ಮಲ್ಲಿ ಅದಕ್ಕೆ ಕೇಳುಗರು ಕಡಿಮೆ. ಮುಂಬೈಯಲ್ಲಿ ‘ದಿ ರಾಯಟ್ ಪೆಡ್ಲರ್ಸ್’ನಂಥ ಬೆರಳೆಣಿಕೆಯ ಬ್ಯಾಂಡುಗಳು. 2025ರ ಮಾರ್ಚಿನಲ್ಲಿ ಮಹಾಲಕ್ಷ್ಮಿ ರೇಸ್‌ಕೋರ್ಸಿನ ಲೋಲಾಪಲೂಜಾದಲ್ಲಿ ‘ಗ್ರೀನ್ ಡೇ’ ಹಾಡಿದಾಗ ಜನಸಾಗರವೇ ಇತ್ತು, ನಿಜ. ಆದರೆ ಅಂಥ ದೊಡ್ಡ ವೇದಿಕೆಗಳ ಲೆಕ್ಕವೇ ಬೇರೆ. ಸಾಮಾನ್ಯವಾಗಿ ಅಲ್ಲಿ ಪಾಸು ಇದ್ದ ಛಾಯಾಗ್ರಾಹಕನಿಗೆ ಮೊದಲ ಮೂರು ಹಾಡು, ಫ್ಲಾಷ್ ಇಲ್ಲ, ಆಮೇಲೆ ಹೊರಗೆ. ವೇದಿಕೆಗೂ ಜನಕ್ಕೂ ನಡುವೆ ಕಬ್ಬಿಣದ ಬೇಲಿ.

ನಾನು ಹೋಗುವ ಕಡೆ ಬೇಲಿ ಇರುವುದಿಲ್ಲ. ಈ ಕಥೆ ನಡೆದದ್ದು ತುರ್ಭೆಯ ಎಂಐಡಿಸಿ ಒಳಗಿನ ಒಂದು ಹಳೆಯ ಶೆಡ್ಡಿನಲ್ಲಿ. ಆರು ಬ್ಯಾಂಡು, ಇನ್ನೂರು ಜನರಿದ್ದರೆ ಹೆಚ್ಚು. ಒಂದೇ ಕೆಂಪು ದೀಪ. ಐಎಸ್ಒ 6400ಕ್ಕೆ ಏರಿಸಿ, 35 ಎಂಎಂ ಲೆನ್ಸಿನ ಕಣ್ಣು ಪೂರ್ತಿ ತೆರೆದರೂ ಬೆಳಕು ಸಾಲದು. ನಾಲ್ಕನೆಯ ಬ್ಯಾಂಡಿನ ಹೊತ್ತಿಗೆ ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತ ಸುತ್ತತೊಡಗಿದರು. ಯಾರಾದರೂ ಬಿದ್ದರೆ ನಾಲ್ಕು ಕೈ ಕೂಡಲೇ ಎತ್ತುತ್ತವೆ, ಅದು ಅಲ್ಲಿಯ ಅಲಿಖಿತ ನಿಯಮ. ಆ ಸುಳಿಯ ನಡುವೆ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗಿ. ಕಣ್ಣು ಮುಚ್ಚಿತ್ತು, ಕೂದಲು ಬಿಚ್ಚಿ ಹಾರುತ್ತಿತ್ತು, ಬಾಯಿ ತೆರೆದು ಕೂಗುತ್ತಿದ್ದಳೋ ನಗುತ್ತಿದ್ದಳೋ ತಿಳಿಯದು. ಗಾಯಕ ಹಿಂದೆ ಮಸುಕಾಗಿದ್ದ. ನಾನು ಕ್ಲಿಕ್ಕಿಸಿದೆ.

ಮರುದಿನ ಫೋಟೋವನ್ನು ಇನ್‌ಸ್ಟಾಗ್ರಾಮಿನಲ್ಲಿ ಹಾಕಿದೆ. ಬ್ಯಾಂಡಿನವರು ಹಂಚಿಕೊಂಡರು, ಮುಂದಿನ ಕಾರ್ಯಕ್ರಮದ ಪೋಸ್ಟರಿಗೆ ಇದೇ ಬೇಕು ಎಂದರು. ನಾನು ಉಬ್ಬಿಹೋದೆ. ಮೂರನೆಯ ದಿನ ಆ ಹುಡುಗಿಯದೇ ಸಂದೇಶ ಬಂತು, ಹಿಂದಿ ಮರಾಠಿ ಬೆರೆಸಿ. ಕಲ್ಯಾಣದವಳು. ಅವಳು ಬರೆದದ್ದರ ಸಾರಾಂಶ ಇಷ್ಟು: "ಅಂಕಲ್, ನನ್ನ ಫೋಟೋ ಇಷ್ಟು ಚೆನ್ನಾಗಿ ಯಾರೂ ತೆಗೆದಿಲ್ಲ. ದಯವಿಟ್ಟು ತೆಗೆದುಹಾಕಿ. ಮನೆಯಲ್ಲಿ ಕ್ಲಾಸಿಗೆ ಹೋಗಿದ್ದೇನೆ ಎಂದು ಹೇಳಿದ್ದೆ."

ಇಲ್ಲಿ ನನ್ನ ತಪ್ಪನ್ನು ಮುಚ್ಚಿಡದೆ ಹೇಳಬೇಕು. ನಾನು ಕೂಡಲೇ ತೆಗೆಯಲಿಲ್ಲ. ರಿಲೀಸ್ ಇತ್ತು, ರಾತ್ರಿ ಕಾಲ್ ಇತ್ತು ಎಂಬುದು ನೆಪ. ನಿಜವೆಂದರೆ ಮನಸ್ಸಾಗಲಿಲ್ಲ. ಬ್ಯಾಂಡಿನವರನ್ನು ಕೇಳಿ ನೋಡೋಣ, ಮುಖ ಸ್ವಲ್ಪ ಕತ್ತಲು ಮಾಡಿದರೆ ಸಾಕಾದೀತು ಎಂದು ಲೆಕ್ಕ ಹಾಕುತ್ತ ಎರಡು ದಿನ ಕಳೆದೆ. ತೆಗೆದು, ಬ್ಯಾಂಡಿನವರಿಂದಲೂ ತೆಗೆಸಿ, ಅವಳಿಗೆ ತಿಳಿಸಿದಾಗ ಉತ್ತರ ಬಂತು: "ಥ್ಯಾಂಕ್ಯೂ ಅಂಕಲ್. ಈಗ ಬೇಕಿಲ್ಲ. ಬಿಲ್ಡಿಂಗಿನ ಗ್ರೂಪಿಗೆ ಬಂದಾಯಿತು." ಆಮೇಲೆ ಅವಳ ಖಾತೆಯೇ ಕಾಣಲಿಲ್ಲ. ಅಂಥ ಯಾವ ಕಾರ್ಯಕ್ರಮದಲ್ಲೂ ಮತ್ತೆ ಅವಳನ್ನು ನೋಡಿಲ್ಲ.

ಗೆಳೆಯನೊಬ್ಬನಿಗೆ ಹೇಳಿದೆ. ಅವನ ವಾದ ಸರಳ: "ಟಿಕೆಟ್ ಕೊಂಡು ಜನರ ನಡುವೆ ಬಂದಿದ್ದಳು. ನೀನು ಕದ್ದು ತೆಗೆದದ್ದಲ್ಲ. ಹುಡುಗಿ ಕುಣಿದರೆ ರಂಪ ಮಾಡುವ ಮನೆಯವರದ್ದು ತಪ್ಪು, ನಿನ್ನದಲ್ಲ."

ಮನೆಯವರದ್ದು ತಪ್ಪು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಮನೆಯವರೊಂದಿಗಿನ ಆ ಜಗಳ ಅವಳದು. ಯಾವಾಗ, ಯಾವ ಮಾತಿನಿಂದ ಶುರು ಮಾಡಬೇಕು, ಕೆಲಸ ಸಿಕ್ಕಿದ ಮೇಲೋ, ಮಾಡಲೇಬಾರದೋ ಎಂಬುದನ್ನೆಲ್ಲ ತೀರ್ಮಾನಿಸಬೇಕಾದವಳು ಅವಳು. ನಾನು ಅವಳ ಪರವಾಗಿ ದಿನಾಂಕ ನಿಗದಿ ಮಾಡಿಬಿಟ್ಟೆ. ಅವಳ ಸ್ವಾತಂತ್ರ್ಯದ ಚಿತ್ರ ತೆಗೆಯುತ್ತೇನೆಂದು ಹೊರಟು ಅದನ್ನೇ ಮೊಟಕು ಮಾಡಿದೆ.

ಜನರ ನಡುವೆ ಬಂದವರು ಎಲ್ಲವನ್ನೂ ಬಿಟ್ಟುಕೊಟ್ಟಂತೆ ಎಂಬ ವಾದವೂ ನಿಲ್ಲುವುದಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಸಾರ್ವಜನಿಕ ಜಾಗದಲ್ಲಿದ್ದ ಮಾತ್ರಕ್ಕೆ ಒಬ್ಬರ ಖಾಸಗಿತನ ಕಳೆದುಹೋಗುವುದಿಲ್ಲ, ಅದು ಜಾಗಕ್ಕಲ್ಲ, ವ್ಯಕ್ತಿಗೆ ಅಂಟಿಕೊಂಡದ್ದು ಎಂಬ ಮಾತೂ ಆ ತೀರ್ಪಿನಲ್ಲಿದೆ. ನನಗೆ ಇದು ಹೊಸದಲ್ಲ. ಆಫೀಸಿನಲ್ಲಿ ಹುಡುಗರು ಟೆಸ್ಟಿಂಗಿಗೆ ಗ್ರಾಹಕರ ನಿಜವಾದ ಡೇಟಾ ಬಳಸಿದರೆ ಗದರುವವನು ನಾನೇ. "ಮಾಸ್ಕ್ ಮಾಡಿದಿರಾ? ಕನ್ಸೆಂಟ್ ಇದೆಯಾ?" ಎಂದು ಕೇಳುವವನೂ ನಾನೇ. ಗ್ರಾಹಕರ ಫೋನ್ ನಂಬರಿಗೆ ಕೊಟ್ಟ ಮರ್ಯಾದೆಯನ್ನು ಶನಿವಾರ ರಾತ್ರಿ ಒಬ್ಬಳ ಮುಖಕ್ಕೆ ಕೊಡಲಿಲ್ಲ.

ಆದರೂ ಕಾನೂನಿಗೆ ಸಿಗದ ಒಂದು ಎಳೆ ಉಳಿಯುತ್ತದೆ. ಅದು ಊರಿನ ನೆನಪಿನಿಂದ ಬಂತು. ಕಾರ್ಕಳದ ಕಡೆ ನಮ್ಮ ಅಜ್ಜಿಮನೆಯಲ್ಲಿ ನೇಮಕ್ಕೆ ಹೋಗುತ್ತಿದ್ದೆವು. ಕಾಲೇಜಿನ ದಿನಗಳಲ್ಲಿ ಹೊಸ ಕ್ಯಾಮೆರಾ ಹಿಡಿದು ಹೋಗಿದ್ದಾಗ, ದರ್ಶನ ಬಂದು ನಡುಗುತ್ತಿದ್ದ ಪಾತ್ರಿಯ ಮುಖದ ಹತ್ತಿರಕ್ಕೆ ನುಗ್ಗಿದ್ದೆ. ಮಾವ ತೋಳು ಹಿಡಿದು ಹಿಂದಕ್ಕೆಳೆದರು. "ಬೇಡ ಮಾರಾಯ. ಅವನೀಗ ಹೂಂ ಅನ್ನಲೂ ಆಗದು, ಊಹೂಂ ಅನ್ನಲೂ ಆಗದು" ಎಂದರು. 2022ರಲ್ಲಿ ‘ಕಾಂತಾರ’ ಬಂದ ಮೇಲೆ ದೈವಗಳ ರೀಲ್ಸ್ ಹೆಚ್ಚಿ, ಚಿತ್ರೀಕರಣ ಬೇಡವೆಂದು ದೈವಾರಾಧಕರು ಹೇಳತೊಡಗಿದಾಗ ಮಾವನ ಮಾತು ಮತ್ತೆ ನೆನಪಾಗಿತ್ತು. ನೇಮವನ್ನೂ ತುರ್ಭೆಯ ಶೆಡ್ಡನ್ನೂ ಒಂದೇ ಎನ್ನುತ್ತಿಲ್ಲ. ಒಂದು ಆರಾಧನೆ, ಇನ್ನೊಂದು ಶನಿವಾರದ ಮೋಜು. ಆದರೆ ಮೈಮರೆತವರ ಮುಂದೆ ಎಚ್ಚರ ಇರುವವನಿಗೆ ಹೆಚ್ಚಿನ ಜವಾಬ್ದಾರಿ ಇದೆ ಎಂಬುದು ಎರಡಕ್ಕೂ ಸಲ್ಲುತ್ತದೆ. ಆ ರಾತ್ರಿ ಶೆಡ್ಡಿನಲ್ಲಿ ಕುಣಿಯದೆ, ಕೂಗದೆ, ಲೆಕ್ಕ ಹಾಕುತ್ತ ನಿಂತವನು ನಾನು.

ಹಾಗಾದರೆ ಕ್ಯಾಮೆರಾ ಮನೆಯಲ್ಲೇ ಇಡಬೇಕೇ? ಅದನ್ನೂ ಒಪ್ಪಲಾರೆ. ಸಣ್ಣ ಬ್ಯಾಂಡುಗಳು ಎರಡು ವರ್ಷ ನುಡಿಸಿ, ಒಬ್ಬನಿಗೆ ಪುಣೆಯಲ್ಲಿ ಕೆಲಸ ಸಿಕ್ಕು, ಇನ್ನೊಬ್ಬನಿಗೆ ಮದುವೆಯಾಗಿ, ಸದ್ದಿಲ್ಲದೆ ಮುಗಿದುಹೋಗುತ್ತವೆ. ಫೋಟೋ ಇಲ್ಲದಿದ್ದರೆ ಅವು ಇದ್ದವೆಂಬುದಕ್ಕೆ ಗುರುತು ಕಡಿಮೆ. ಪಂಕ್‌ನ ಅತ್ಯಂತ ಪ್ರಸಿದ್ಧ ಫೋಟೋ 1979ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪಲೇಡಿಯಂನಲ್ಲಿ ಪೆನ್ನಿ ಸ್ಮಿತ್ ತೆಗೆದದ್ದು. ಜನ ಎದ್ದು ನಿಲ್ಲದಂತೆ ಕಾವಲುಗಾರರು ತಡೆದದ್ದಕ್ಕೆ ಸಿಟ್ಟಿಗೆದ್ದ ‘ದಿ ಕ್ಲ್ಯಾಶ್’ನ ಪಾಲ್ ಸಿಮನನ್ ತನ್ನ ಬಾಸ್ ಗಿಟಾರನ್ನು ನೆಲಕ್ಕೆ ಬಡಿಯುತ್ತಿರುವ ಚಿತ್ರ. ಫೋಕಸ್ ಸರಿಯಿಲ್ಲ, ಬೇಡ ಎಂದವರು ಸ್ಮಿತ್ ಅವರೇ. ಬ್ಯಾಂಡಿನವರು ಕೇಳದೆ ‘ಲಂಡನ್ ಕಾಲಿಂಗ್’ ಆಲ್ಬಮ್ಮಿನ ಮುಖಪುಟಕ್ಕೆ ಹಾಕಿದರು. ಹಾಸ್ಟೆಲಿನ ಗೋಡೆಯಲ್ಲಿ ಅದನ್ನು ವರ್ಷಗಟ್ಟಲೆ ನೋಡಿದ್ದೇನೆ. ಈ ಘಟನೆಯ ಮೇಲೆ ಮತ್ತೆ ನೋಡಿದಾಗ ಗಮನಕ್ಕೆ ಬಂತು: ಅದರಲ್ಲಿ ಮುಖವೇ ಕಾಣುವುದಿಲ್ಲ. ಬಾಗಿದ ಬೆನ್ನು, ಅಗಲಿಸಿದ ಕಾಲು, ಎತ್ತಿದ ಗಿಟಾರು. ಸಿಟ್ಟು ಪೂರ್ತಿ ಕಾಣುತ್ತದೆ.

ಈಗ ನಾನು ಮಾಡುವುದು ಹೀಗೆ. ವೇದಿಕೆಯ ಮೇಲಿನವರನ್ನು ಧಾರಾಳವಾಗಿ ತೆಗೆಯುತ್ತೇನೆ. ಅವರು ಕಾಣಿಸಿಕೊಳ್ಳಲೆಂದೇ ಹತ್ತಿದವರು. ಕೆಳಗಿನವರನ್ನು ಬೆನ್ನ ಹಿಂದಿನಿಂದ, ಇಲ್ಲವೇ ಎತ್ತಿದ ಕೈಗಳಾಗಿ. ಮುಖ ಬಂದರೆ, ಬ್ಯಾಂಡು ಇಳಿದ ಮೇಲೆ ಹುಡುಕಿಕೊಂಡು ಹೋಗಿ ಸ್ಕ್ರೀನ್ ತೋರಿಸಿ ಕೇಳುತ್ತೇನೆ. ಹೆಚ್ಚಿನವರು ಖುಷಿಯಿಂದ ಒಪ್ಪುತ್ತಾರೆ. ಒಬ್ಬಿಬ್ಬರು ಬೇಡ ಎಂದರೆ ಅವರೆದುರೇ ಅಳಿಸುತ್ತೇನೆ. ಜನ ಚದುರಿಹೋಗಿ ಸಿಗದೇ ಇದ್ದವರ ಫೋಟೋಗಳನ್ನು ಎಲ್ಲಿಯೂ ಹಾಕುವುದಿಲ್ಲ. ಒಳ್ಳೊಳ್ಳೆಯವು ಹಾಗೆ ಹೋಗಿವೆ, ಹೊಟ್ಟೆ ಉರಿಯುತ್ತದೆ.

ಆ ಹುಡುಗಿಯ ಫೋಟೋದ ಮೂಲ ಫೈಲು ಮಾತ್ರ ಇನ್ನೂ ನನ್ನ ಹಾರ್ಡ್ ಡಿಸ್ಕಿನಲ್ಲಿದೆ. ಅವಳು ತೆಗೆದುಹಾಕಿ ಅಂದಿದ್ದು ಇದನ್ನೂ ಸೇರಿಸಿಯೇ? ಅಥವಾ ಮುಂದೆಂದಾದರೂ, ಜಗಳವೆಲ್ಲ ಮುಗಿದು, ತನ್ನದೇ ಮನೆಯಲ್ಲಿ ಕೂತು, ಆ ಫೋಟೋ ಇದೆಯಾ ಅಂಕಲ್ ಎಂದು ಕೇಳಿಯಾಳೇ? ಆಫೀಸಿನಲ್ಲಾದರೆ ಎಷ್ಟು ದಿನ ಇಟ್ಟುಕೊಳ್ಳಬಹುದು ಎಂಬುದಕ್ಕೊಂದು ನಿಯಮ ಇರುತ್ತಿತ್ತು. ಇಟ್ಟುಕೊಂಡಿರುವುದು ಅವಳಿಗಾಗಿಯೋ ನನಗಾಗಿಯೋ ಎಂದು ಕೇಳಿಕೊಂಡರೆ ಪ್ರಾಮಾಣಿಕ ಉತ್ತರ ಅಷ್ಟು ಹಿತವಾಗಿಲ್ಲ. ಮೂರು ಸಲ ಅಳಿಸಲು ಹೋಗಿ ಹಿಂದೆ ಬಂದಿದ್ದೇನೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?