ಬೆಳೆದ ದೇಹ, ಬಳಲುವ ಮನಸ್ಸು

ಹೆತ್ತ ಮಗು ಬದುಕಿ ಬೆಳೆದರೆ ಸಾಕೆಂಬುದು ನಮ್ಮ ಹಿರಿಯರ ಹಂಬಲವಾಗಿತ್ತು. ಲಸಿಕೆಯೂ ಶುದ್ಧಜಲವೂ ಅದನ್ನು ಬಹುಮಟ್ಟಿಗೆ ಈಡೇರಿಸಿವೆ. ಆದರೆ ಬದುಕುಳಿದ ಆ ಮಗು ಹರೆಯದಲ್ಲಿ ನೆಮ್ಮದಿಯಿಂದಿದೆಯೇ?

ಲೋಕದಲ್ಲಿ 5ರಿಂದ 19 ವಯಸ್ಸಿನ ಬೊಜ್ಜುಳ್ಳವರ ಸಂಖ್ಯೆ 1990ರಲ್ಲಿ ಸುಮಾರು 3 ಕೋಟಿಯಿದ್ದುದು 2022ರಲ್ಲಿ 16 ಕೋಟಿಗೇರಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರ ಪೈಕಿ ಶೇಕಡಾ 7.3 ಮಂದಿಯಲ್ಲಿ ಮಾನಸಿಕ ಅಸ್ವಾಸ್ಥ್ಯ ಕಂಡುಬಂದಿತು.

ಬಾಗಲಗುಂಟೆಯಿಂದ ಪೀಣ್ಯದ ಕಾರ್ಖಾನೆಗಳಿಗೆ ಪಾಳಿಯ ದುಡಿಮೆಗೆ ಹೋಗುವ ತಂದೆತಾಯಿಗಳು ಮಕ್ಕಳಿಗಾಗಿಯೇ ಬೆವರು ಸುರಿಸುವರು. ದಣಿದು ಮನೆಗೆ ಬಂದವರು ಅಂಕವೆಷ್ಟೆಂದು ಕೇಳುವುದುಂಟು. ನಿದ್ದೆ ಬಂದಿತೇ, ಮನಸ್ಸು ಹೇಗಿದೆ ಎಂದು ಕೇಳುವುದು ವಿರಳ. ಅಂಕವು ಮಗುವಿನ ಬೆಲೆಯಲ್ಲ. ಜ್ವರಕ್ಕೆ ವೈದ್ಯರ ಬಳಿ ಹೋಗಲು ನಾಚದ ನಾವು ಮನದ ನೋವಿಗೇಕೆ ನಾಚಬೇಕು? ಮಗುವನ್ನು ಬದುಕಿಸುವುದು ಧರ್ಮ. ಅದರ ಮಾತನ್ನು ಆಲಿಸುವುದೂ ಧರ್ಮವೇ.