ಮುಟ್ಟಿದ ನಾಣ್ಯ, ಮುಟ್ಟದ ನೋಟು

ಒಂದೇ ಟಂಕಸಾಲೆಯಲ್ಲಿ ಒಂದೇ ವರ್ಷ ಅಚ್ಚಾದ ಎರಡು ಬೆಳ್ಳಿ ರೂಪಾಯಿಗಳಲ್ಲಿ ಒಂದನ್ನು ಜನ ಕಣ್ಣಿಗೊತ್ತಿಕೊಂಡು ಇನ್ನೊಂದನ್ನು ತಕ್ಕಡಿಗೆ ಹಾಕಿದರೆ, ಮೊದಲನೆಯದರ ಹೆಚ್ಚುಗಾರಿಕೆ ಲೋಹದಲ್ಲಿದೆಯೋ ನೋಡುವವರ ಮನಸ್ಸಿನಲ್ಲಿದೆಯೋ ಎಂಬುದು ಸಂಗ್ರಾಹಕರ ಕುತೂಹಲವಷ್ಟೇ ಅಲ್ಲ, ಧರ್ಮಜಿಜ್ಞಾಸೆಯ ಪ್ರಶ್ನೆಯೂ ಹೌದು. ಗುರುವಾರ ಸಾಯಿಬಾಬಾ ಮಂದಿರಕ್ಕೆ ಭಕ್ತರು ನೆರೆಯುವ ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ, ಬಾಬಾ ಕೈಯಾರೆ ಕೊಟ್ಟ ನಾಣ್ಯಗಳನ್ನು ನೆನೆದಾಗ, ಈ ಪ್ರಶ್ನೆಗೆ ಸ್ಪಷ್ಟವಾದ ರೂಪ ಸಿಗುತ್ತದೆ. ಶಿರಡಿಯ ಬಾಬಾ 1918ರ ಅಕ್ಟೋಬರ್ 15ರ ವಿಜಯದಶಮಿಯಂದು ದೇಹ ಬಿಡುವ ಮುನ್ನ ಲಕ್ಷ್ಮೀಬಾಯಿ ಶಿಂದೆ ಎಂಬ ಭಕ್ತೆಗೆ ಮೊದಲು ಐದು, ಬಳಿಕ ನಾಲ್ಕು ರೂಪಾಯಿ ಕೊಟ್ಟರೆಂದು ‘ಶ್ರೀ ಸಾಯಿ ಸಚ್ಚರಿತೆ’ ತಿಳಿಸುತ್ತದೆ. ಆ ಒಂಬತ್ತನ್ನು ಭಕ್ತರು ನವವಿಧ ಭಕ್ತಿಗೆ, ಅಂದರೆ ಶ್ರವಣದಿಂದ ಆತ್ಮನಿವೇದನದವರೆಗಿನ ಒಂಬತ್ತು ಬಗೆಯ ಭಕ್ತಿಗೆ, ಸಂಕೇತವೆಂದು ತಿಳಿಯುತ್ತಾರೆ. ಬ್ರಿಟಿಷ್ ಸರ್ಕಾರದ ಅಂದಿನ ಬೆಳ್ಳಿ ರೂಪಾಯಿ 11.66 ಗ್ರಾಂ ತೂಗುತ್ತಿತ್ತು, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಾಗಿತ್ತು, ಮತ್ತು ಅಂಥ ನಾಣ್ಯಗಳು ದೇಶದಲ್ಲಿ ಕೋಟಿಗಟ್ಟಲೆ ಓಡಾಡುತ್ತಿದ್ದವು.

ವೈಶೇಷಿಕ ದರ್ಶನದವರು ಎಣಿಸುವ ಇಪ್ಪತ್ತನಾಲ್ಕು ಗುಣಗಳಲ್ಲಿ ಸಂಯೋಗ, ಎಂದರೆ ಎರಡು ವಸ್ತುಗಳ ಕೂಡುವಿಕೆ, ಒಂದು. ಅದು ವಿಭಾಗದಿಂದ, ಅಂದರೆ ಅಗಲಿಕೆಯಿಂದ, ನಾಶವಾಗುತ್ತದೆಂಬುದು ಅವರ ನಿಯಮವಾದ್ದರಿಂದ, ಬಾಬಾರ ಬೆರಳಿಗೂ ನಾಣ್ಯಕ್ಕೂ ಇದ್ದ ಸಂಯೋಗ ನಾಣ್ಯ ಕೈಬಿಟ್ಟ ಕ್ಷಣವೇ ಮುಗಿದಿರಬೇಕು. ಹಾಗಾದರೆ ಉಳಿದದ್ದೇನು? ಇದನ್ನು ಹೋಲುವ ಹಳೆಯ ವಾದವೊಂದು ಯಜ್ಞದ ಬತ್ತವನ್ನು ಕುರಿತು ನಡೆದಿದೆ. ಮಂತ್ರ ಹೇಳಿ ನೀರು ಚಿಮುಕಿಸುವ ಪ್ರೋಕ್ಷಣದಿಂದ ಕಾಳಿನಲ್ಲೇ ಒಂದು ಅತಿಶಯ, ಕಣ್ಣಿಗೆ ಕಾಣದ ವಿಶೇಷ ಶಕ್ತಿ, ಹುಟ್ಟುತ್ತದೆಂದು ಮೀಮಾಂಸಕರ ಪಕ್ಷ ಹೇಳಿದರೆ, ಹತ್ತನೆಯ ಶತಮಾನದ ಮಿಥಿಲೆಯ ನೈಯಾಯಿಕ ಉದಯನಾಚಾರ್ಯನು ‘ನ್ಯಾಯಕುಸುಮಾಂಜಲಿ’ಯಲ್ಲಿ ಅದನ್ನು ತಳ್ಳಿಹಾಕಿ, ಸಂಸ್ಕಾರ ಉಂಟಾಗುವುದು ಕರ್ಮ ಮಾಡುವ ಪುರುಷನಲ್ಲೇ ಹೊರತು ಬತ್ತದಲ್ಲಲ್ಲ ಎಂದು ವಾದಿಸಿದನು.

ಉದಯನನ ಮಾತು ಕೆಲವೆಡೆ ಪೂರ್ತಿಯಾಗಿ ಒಪ್ಪುತ್ತದೆ. ಕ್ರಮಸಂಖ್ಯೆಯಲ್ಲಿ 786 ಇರುವ ನೋಟನ್ನು ಅನೇಕ ಮುಸ್ಲಿಮರು ಶುಭವೆಂದು ಎತ್ತಿಡುತ್ತಾರೆ, ಏಕೆಂದರೆ ಅರಬ್ಬೀ ಅಕ್ಷರಗಳಿಗೆ ಅಂಕೆ ಕೊಡುವ ಅಬ್ಜದ್ ಲೆಕ್ಕದಲ್ಲಿ ಬಿಸ್ಮಿಲ್ಲಾ ವಾಕ್ಯದ ಮೊತ್ತ ಅಷ್ಟಾಗುತ್ತದೆ. ಇಲ್ಲಿ ಯಾರ ಸ್ಪರ್ಶದ ಮಾತೂ ಇಲ್ಲ, ಅಂಕೆಯನ್ನು ಓದಿಕೊಳ್ಳುವ ಶ್ರದ್ಧೆಯೊಂದೇ ಸಾಕು. ಬಾಬಾ ಕೊಟ್ಟ ನಾಣ್ಯದ ವಿಷಯದಲ್ಲಾದರೋ ಅಷ್ಟು ಸಾಲದು. ಹೆಚ್ಚುಗಾರಿಕೆ ಭಕ್ತನ ಮನಸ್ಸಿನಲ್ಲಷ್ಟೇ ಇರುವುದಾದರೆ, ಗುಟ್ಟು ಬಯಲಾಗುವವರೆಗೆ ನಕಲಿ ನಾಣ್ಯವೂ ಅಸಲಿಯಷ್ಟೇ ಪವಿತ್ರವೆನ್ನಬೇಕಾಗುತ್ತದೆ. ಆದರೆ ಗುಟ್ಟು ಬಯಲಾದಾಗ ಭಕ್ತನು ತನ್ನ ಮನಸ್ಸು ಬದಲಾಯಿತೆಂದು ಹೇಳುವುದಿಲ್ಲ, ಮೊದಲಿನಿಂದಲೂ ತಾನು ಮೋಸಹೋಗಿದ್ದೆನೆಂದು ಹೇಳುತ್ತಾನೆ, ಕಪ್ಪೆಚಿಪ್ಪನ್ನು ಬೆಳ್ಳಿಯೆಂದು ಬಗೆದವನ ಹಾಗೆ. ಅವನ ಶ್ರದ್ಧೆ ನಿಜವಾಗಿ ನಡೆದುಹೋದ ಒಂದು ಕೊಡುವಿಕೆಗೆ ಸಲ್ಲುವಂಥದ್ದು, ಲೋಹ ಆ ಘಟನೆಗೆ ಸಾಕ್ಷಿ. ಮೀಮಾಂಸಕರು ವಸ್ತುವನ್ನು ಬಿಟ್ಟುಕೊಡಲು ಒಪ್ಪದೆ ಹೋದದ್ದರ ಹಿಂದೆ ಇಂಥದೇ ಒಂದು ಅರಿವು ಇದ್ದಿರಬೇಕು.

ಇಷ್ಟನ್ನು ಒಪ್ಪಿ ಸಂಗ್ರಾಹಕರ ಮಾರುಕಟ್ಟೆಗೆ ಬಂದರೆ ನಿಯಮ ತಲೆಕೆಳಗಾಗಿರುತ್ತದೆ. ಅಮೆರಿಕದಲ್ಲಿ ಟಾಪ್ಸ್ ಕಂಪನಿ 1952ರಲ್ಲಿ ಮಕ್ಕಳಿಗಾಗಿ ಅಚ್ಚು ಹಾಕಿದ ಬೇಸ್‌ಬಾಲ್ ಆಟಗಾರ ಮಿಕ್ಕಿ ಮ್ಯಾಂಟಲ್‌ನ ಚಿತ್ರವಿರುವ ರಟ್ಟಿನ ಕಾರ್ಡೊಂದು 2022ರ ಆಗಸ್ಟ್‌ನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಸ್ಥಿತಿಯನ್ನು ಅಳೆಯುವ ಹತ್ತು ಅಂಕಗಳ ಶ್ರೇಣಿಯಲ್ಲಿ ಅದಕ್ಕೆ 9.5 ಬಂದಿತ್ತು, ಅಂದರೆ ಮಕ್ಕಳ ಕೈಗೆಂದು ಮಾಡಿದ ಕಾರ್ಡು ಮಕ್ಕಳ ಕೈ ಸವೆಸಿದ ಗುರುತಿಲ್ಲದೆ ಉಳಿದದ್ದೂ ಅದರ ಬೆಲೆಗೆ ಒಂದು ದೊಡ್ಡ ಕಾರಣ. ಹಳೆಯ ನೋಟುಗಳ ವ್ಯಾಪಾರದಲ್ಲೂ ‘ಅನ್‌ಸರ್ಕ್ಯುಲೇಟೆಡ್’, ಎಂದರೆ ಚಲಾವಣೆಗೇ ಇಳಿಯದ ನೋಟಿಗೆ, ಬೇಡಿಕೆ ಹೆಚ್ಚು. ಭಕ್ತನಿಗೆ ಸ್ಪರ್ಶ ಏರಿಸುವುದನ್ನು ವ್ಯಾಪಾರಿಗೆ ಸ್ಪರ್ಶವೇ ಇಳಿಸುತ್ತದೆ.

ಈ ಎರಡರಲ್ಲಿ ಭಕ್ತನ ಎಣಿಕೆಯೇ ಹೆಚ್ಚು ಸತ್ಯವೆಂದು ತೋರುವುದಕ್ಕೆ ಹೈದರಾಬಾದ್ ಸಂಸ್ಥಾನದ ನೋಟುಗಳೇ ಸಾಕು. ಮೊದಲನೆಯ ಮಹಾಯುದ್ಧದ ಬೆಳ್ಳಿಯ ಅಭಾವದಲ್ಲಿ, ಬಾಬಾ ತೀರಿಕೊಂಡ 1918ರಲ್ಲೇ, ನಿಜಾಮ್ ಸರ್ಕಾರ ನೋಟು ಹೊರಡಿಸತೊಡಗಿತು. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳೂ ಅದೇ ಆಳ್ವಿಕೆಯಲ್ಲಿದ್ದುದರಿಂದ ಉರ್ದು, ತೆಲುಗು, ಮರಾಠಿಗಳ ಜೊತೆ ಕನ್ನಡದಲ್ಲೂ ಮೊತ್ತ ಅಚ್ಚಾಯಿತು, ಮತ್ತು 1959ರಲ್ಲಿ ಆ ಹಣಕ್ಕೆ ಮಾನ್ಯತೆ ಪೂರ್ತಿ ಹೋಯಿತು. ಕನ್ನಡ ಅಕ್ಷರಗಳ ಮೇಲೆಯೇ ಮಡಿಕೆ ಬಿದ್ದ ನೋಟಿಗೆ ಇಂದಿನ ಸಂಗ್ರಾಹಕ ಬೆಲೆ ತಗ್ಗಿಸುತ್ತಾನೆ. ಆ ಮಡಿಕೆಯಾದರೋ ಯಾರೋ ಒಬ್ಬರು ಜೋಳವನ್ನೋ ಹತ್ತಿಯನ್ನೋ ಮಾರಿ, ಆ ಅಕ್ಷರಗಳನ್ನು ಓದಿ ಖಚಿತಪಡಿಸಿಕೊಂಡು, ನೋಟನ್ನು ನಾಲ್ಕಾಗಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡದ್ದರ ಗುರುತಾಗಿರಬಹುದು.