ದೋಣಿಭೇದವೂ ಸಮತೆಯೂ

ಕಣಕುಂಬಿಯಲ್ಲಿ, ಕಡಲಿಗೆ ಅಷ್ಟು ಸಮೀಪದಲ್ಲಿ ಹುಟ್ಟಿಯೂ ಅದಕ್ಕೆ ಬೆನ್ನು ತಿರುಗಿಸಿ, ಕಿತ್ತೂರು-ಬೈಲಹೊಂಗಲಗಳ ಸೀಮೆಯನ್ನು ಹಾಯ್ದು, ಸವದತ್ತಿಯ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ಸಿಕ್ಕಿ, ರಾಮದುರ್ಗವನ್ನು ದಾಟಿ ಕೃಷ್ಣೆಯನ್ನು ಕೂಡುವ ಮಲಪ್ರಭೆಯ ದಂಡೆಯವರಾದ ನಮಗೆ, ಕರಾವಳಿಯಲ್ಲಿ ಯಾವ ದೋಣಿ ಕಡಲಿಗಿಳಿಯಬೇಕು, ಯಾವುದು ಇಳಿಯಬಾರದೆಂಬ ವಿವಾದವು ಪರಸ್ಥಳದ ಮಾತೆಂದು ತೋರುವುದು ಸಹಜ. ಆದರೆ ಅದರ ಒಡಲಲ್ಲಿರುವ ಪ್ರಶ್ನೆ ನಮ್ಮದೇ. ಕಾಯಕಗಳಲ್ಲಿ ಮೇಲುಕೀಳಿಲ್ಲವೆಂದು ಸಾರಿ, ದೋಣಿ ನಡೆಸುವ ಅಂಬಿಗರ ಚೌಡಯ್ಯನನ್ನು ಶರಣರ ಸಾಲಿನಲ್ಲಿ ಕೂರಿಸಿದ ಧರ್ಮದಲ್ಲಿ ಬೆಳೆದವರು, ಒಂದೇ ಕಾಯಕದ ಇಬ್ಬರಲ್ಲಿ ಒಬ್ಬನಿಗೆ ಕಡಲನ್ನು ತೆರೆದು ಇನ್ನೊಬ್ಬನಿಗೆ ಮುಚ್ಚುವ ಶಾಸನವನ್ನು ನ್ಯಾಯವೆನ್ನಬಹುದೆ?

ಶಾಸನವೇನೋ ಸ್ಪಷ್ಟವಾಗಿದೆ. ಜೂನ್ 1ರಿಂದ ಜುಲೈ 31ರ ವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಬಂದರಿನಲ್ಲಿಯೇ ನಿಲ್ಲತಕ್ಕದ್ದು; 10 ಅಶ್ವಶಕ್ತಿಯೊಳಗಿನ ಯಂತ್ರದ ನಾಡದೋಣಿಗಳಿಗೆ ಅಡ್ಡಿಯಿಲ್ಲ. ಅದಕ್ಕೆ ಕಾರಣವೂ ಉಂಟು: ಹೆರಿಂಗ್ ಕುಲಕ್ಕೆ ಸೇರಿದ, ಕಾರವಾರದವರು ತಾರ್ಲೆಯೆನ್ನುವ ಬೂತಾಯಿ ಮೀನು ಮೊಟ್ಟೆಯಿಡುವುದು ಮಳೆಗಾಲದಲ್ಲಿಯೇ.

ಭೇದದ ಬೇರು ಮಾತ್ರ ರಂಪಣಿಯ ಕಾಲದಷ್ಟು ಹಿಂದಿನದು. ತುಂಡುಬಲೆಗಳನ್ನು ಜೋಡಿಸಿದ ಆ ಮಹಾಬಲೆಯನ್ನು ದೋಣಿಯಲ್ಲಿ ಕೊಂಡೊಯ್ದು, ದಂಡೆಗೆ ಬಂದ ಹಿಂಡಿನ ಸುತ್ತ ಅರ್ಧಚಂದ್ರಾಕಾರವಾಗಿ ಬಿಟ್ಟು, ಎರಡು ತುದಿಗಳ ಹಗ್ಗವನ್ನು ಮರಳಿನ ಮೇಲೆ ನಿಂತ ಹತ್ತಾರು ಜನ ಎಳೆದು, ಬಂದುದನ್ನು ಪಾಲು ಮಾಡಿಕೊಳ್ಳುತ್ತಿದ್ದರು. ಮೀನು ದಂಡೆಗೆ ಬಾರದಿದ್ದರೆ ಬಲೆ ಒಣಗುತ್ತಿತ್ತು. 1970ರ ದಶಕದಲ್ಲಿ ಬಂದ ಪರ್ಸೀನ್ ದೋಣಿಯಾದರೋ ಮೀನಿದ್ದಲ್ಲಿಗೇ ಹೋಗಿ, ಹಿಂಡನ್ನು ಸುತ್ತುವರಿದು, ಬಲೆಯ ಅಡಿಯಂಚಿನ ಉಂಗುರಗಳಲ್ಲಿ ಪೋಣಿಸಿದ ಹಗ್ಗವನ್ನು ಯಂತ್ರದಿಂದ ಸೆಳೆದು ಕೆಳಗಿನ ಬಾಗಿಲನ್ನೂ ಮುಚ್ಚಿತು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆಗೆ ಬಿದ್ದಿತು.

ರಂಪಣಿಯವನನ್ನು ಋಷಿಯೆಂದು ಬಗೆಯಬೇಕಾಗಿಲ್ಲ. ಒಂದೇ ಎಳೆತಕ್ಕೆ ಕಡಲೆಲ್ಲ ಬರುವಂತಿದ್ದರೆ ಅವನೂ ಎಳೆಯುತ್ತಿದ್ದನೋ ಏನೋ. ಅವನ ಅಪರಿಗ್ರಹವು ಹಗ್ಗದ ಉದ್ದದಲ್ಲಿತ್ತು. ಸಾಧನದಲ್ಲಿಯೇ ಅಡಗಿದ್ದ ಆ ನಿಗ್ರಹವನ್ನು ಯಂತ್ರವು ಕಳಚಿಹಾಕಿದ ಮೇಲೆ ಅದನ್ನು ಹೊರಗಿನಿಂದ ಕಟ್ಟುವ ಹೊಣೆ ರಾಜಧರ್ಮದ ಪಾಲಿಗೆ ಬಂದಿತು. ಕಾಲುವೆಯ ತಲೆಯಲ್ಲಿರುವವನು ದೊಡ್ಡ ಪಂಪು ಹಚ್ಚಿದರೆ ತುದಿಯ ಹೊಲಕ್ಕೆ ಹನಿಯೂ ಬಾರದೆಂಬುದನ್ನು ಬಲ್ಲ ನಮ್ಮ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದ ಮೇನ್ ಕೊಲ್ಲಿಯಲ್ಲಿಯೂ 2007ರಲ್ಲಿ, ಹೆರಿಂಗ್ ಹಿಡಿಯುವ ಮಧ್ಯಜಲದ ಟ್ರಾಲರುಗಳನ್ನು ಬೇಸಗೆಯ ತಿಂಗಳುಗಳಲ್ಲಿ ದಂಡೆಯ ಸಮೀಪದ ನೀರಿನಿಂದ ಹೊರಗಿಟ್ಟರು.

ಹಾಗೆಂದು ನಾಡದೋಣಿಯೆಂಬ ಹೆಸರಿಗೇ ಪುಣ್ಯವನ್ನು ಕಟ್ಟಿಕೊಡಲಾಗದು. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ದೊರೆತಿದ್ದ ಬೂತಾಯಿ 2021ರಲ್ಲಿ 4 ಸಾವಿರ ಟನ್ನಿಗೂ ಕೆಳಗಿಳಿಯಿತು. ಕಡಲಿನ ಕಾವಿನ ಏರುಪೇರು ಕಾರಣವಹುದು; ಆದರೆ ಅಲ್ಲಿ ಈ ಮೀನನ್ನು ಬಹುಮಟ್ಟಿಗೆ ಹಿಡಿಯುವುದು ಸಾಂಪ್ರದಾಯಿಕರ ಸಾಲಿನಲ್ಲಿಯೇ ಬೆಳೆದು ದೈತ್ಯವಾದ ರಿಂಗ್‌ಸೀನ್ ಬಲೆ, ಮತ್ತು ಅದರಲ್ಲಿ ಮರಿಗಳೂ ಬೀಳುವುವು. ಆದ್ದರಿಂದ ಶಾಸನವು ನೋಡತಕ್ಕುದು ದೋಣಿಯ ವಂಶಾವಳಿಗಿಂತ ಅದರ ಕೈ ಎಷ್ಟು ದೂರ ನಿಲುಕುವುದೆಂಬುದನ್ನು.

ನನ್ನನ್ನು ಹೆಚ್ಚಾಗಿ ಕಾಡುವುದು ಬೇರೊಂದು ಅಸಮತೆ. ದೊಡ್ಡ ದೋಣಿಯ ಮಾಲಿಕನೂ ಅದರಲ್ಲಿ ಬಲೆ ಎಳೆಯುವ ಕೂಲಿಕಾರನೂ ಶಾಸನದ ದೃಷ್ಟಿಯಲ್ಲಿ ಒಂದೇ ದೋಣಿಯವರು. ದುಡಿಮೆಯಿಲ್ಲದ ಆ ದಿನಗಳಿಗೆಂದು ಇರುವ ಉಳಿತಾಯ-ಪರಿಹಾರ ಯೋಜನೆಯಲ್ಲಿ ಮೀನುಗಾರನು ಕೂಡಿಟ್ಟ 1,500 ರೂಪಾಯಿಗೆ ಸರ್ಕಾರಗಳು 3,000 ಸೇರಿಸಿ ಕೊಡುವುದುಂಟು. ಉತ್ತರ ಕರ್ನಾಟಕದಿಂದ ಮಲ್ಪೆಗೋ ಮಂಗಳೂರಿಗೋ ದುಡಿಯಲು ಹೋದವನ ಹೆಸರು ಅಲ್ಲಿಯ ಸಹಕಾರಿ ಸಂಘದ ಪಟ್ಟಿಯಲ್ಲಿಲ್ಲದಿದ್ದರೆ ಅವನಿಗೆ ಅದೂ ಇಲ್ಲ. ದೋಣಿಯ ನಿಲುಕಿನಿಂದ ವರ್ಷದ ಹತ್ತು ತಿಂಗಳು ಲಾಭ ಪಡೆದವನೇ ಈ ಎರಡು ತಿಂಗಳ ಕೂಲಿಯನ್ನೂ ಹೊರುವುದು ನ್ಯಾಯವೆಂದು ನನ್ನ ಅಭಿಪ್ರಾಯ.